ಬಸದಿಯ ಮಾಡಿನ ಮೇಲೆ ಪ್ರಮತ್ತಯೋಗ

ವೈಶಾಖ ಮಾಸ ಬಂತೆಂದರೆ ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೆ ಮಾಡಿನ ನೆನಪಾಗುತ್ತದೆ. ಒಡೆದ ಹಂಚು ಬದಲಿಸಬೇಕು, ಕಲ್ಲುಚಪ್ಪಡಿಗಳ ಸಂದಿನಲ್ಲಿ ಬೇರೂರಿದ ಅಶ್ವತ್ಥದ ಸಸಿಗಳನ್ನು ಕೀಳಬೇಕು, ಹಾವಸೆ ಕೆರೆಯಬೇಕು, ಸಭಾಭವನದ ಶೀಟುಗಳ ತೂತು ಮುಚ್ಚಬೇಕು. ಮೇಸ್ತ್ರಿಗೆ ಹೇಳಿ ಕಳುಹಿಸಲಾಗುತ್ತದೆ. ಆತ ಇಬ್ಬರನ್ನೋ ಮೂವರನ್ನೋ ಕರೆತರುತ್ತಾನೆ. ಬಿದಿರಿನ ಏಣಿಯೊಂದು ಗೋಡೆಗೆ ಒರಗುತ್ತದೆ. ಅವರು ಬರಿಗಾಲಿನಲ್ಲಿ ಮೇಲೇರಿ, ಬಿಸಿಲಿಗೆ ಕಾದ ಇಳಿಜಾರಿನ ಮೇಲೆ ಸಂಜೆಯವರೆಗೆ ಓಡಾಡುತ್ತಾರೆ. ಕೆಳಗೆ ನಿಂತ ನಾವು ‘ಜಾಗ್ರತೆ ಮಾರಾಯಾ’ ಎಂದು ಆಗಾಗ ಕೂಗುತ್ತೇವೆ. ‘ಏನೂ ಆಗುದಿಲ್ಲ ಧಣಿ’ ಎಂಬ ಉತ್ತರ ಮೇಲಿನಿಂದ ಬರುತ್ತದೆ. ಈ ಎರಡು ಮಾತುಗಳ ಹೊರತು ಆ ಮನುಷ್ಯನಿಗೂ ನೆಲಕ್ಕೂ ನಡುವೆ ನಾವು ಇರಿಸಿದ ರಕ್ಷಣೆ ಬೇರೇನೂ ಇರುವುದಿಲ್ಲ.

ಇದಕ್ಕೆ ನಾವು ಕೊಟ್ಟುಕೊಂಡಿರುವ ಹೆಸರು ಜೀರ್ಣೋದ್ಧಾರ ಸೇವೆ. ಅದರ ಪುಣ್ಯವು ದಾನಿಗಳ ಹೆಸರಿನೊಂದಿಗೆ ಅಮೃತಶಿಲೆಯ ಫಲಕದಲ್ಲಿ ಕೆತ್ತಲ್ಪಡುತ್ತದೆ. ಪಾಪದ ಭಾಗಕ್ಕೆ ಮಾತ್ರ ಫಲಕವಿಲ್ಲ.

ಮಾತು ಕಠೋರವಾಯಿತೆಂದು ಕೆಲವು ಶ್ರಾವಕ ಬಂಧುಗಳಿಗೆ ಅನ್ನಿಸಬಹುದು. ಆದರೂ ಹೇಳದೆ ವಿಧಿಯಿಲ್ಲ. ಎತ್ತರದ ಮಾಡಿನ ಮೇಲೆ, ಆವರಣವಾಗಲಿ ರಕ್ಷಣಾಪಟ್ಟಿಯಾಗಲಿ ಇಲ್ಲದೆ, ಕೂಲಿಯ ಮನುಷ್ಯನೊಬ್ಬನನ್ನು ಹತ್ತಿಸುವುದು ಹಿಂಸೆ. ಅವನು ಬಿದ್ದರೆ ಹಿಂಸೆ ಎಂದು ನಾನು ಹೇಳುತ್ತಿಲ್ಲ. ಬೀಳದೆ ಸಂಜೆ ಕೂಲಿ ಪಡೆದು ಮನೆಗೆ ಹೋದರೂ ಹಿಂಸೆ.

ಇದು ನನ್ನ ಸ್ವಕಪೋಲಕಲ್ಪಿತ ವಾದವಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ; ಅದಕ್ಕೆ ಮೊದಲು ಪ್ರಮತ್ತಯೋಗವನ್ನು, ಅಂದರೆ ಎಚ್ಚರಗೇಡಿತನದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯನ್ನು, ಕಾರಣವಾಗಿ ಇರಿಸಿದರು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಎದುರಿನ ಜೀವವು ಸಾಯಲಿ, ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆಯ ಬಂಧ ನಿಶ್ಚಿತವೆಂದೂ, ಎಚ್ಚರದಿಂದ ನಡೆಯುವವನಿಗೆ ಕೇವಲ ಪ್ರಾಣಹಾನಿಯ ನಿಮಿತ್ತದಿಂದ ಬಂಧವಿಲ್ಲವೆಂದೂ ಅವರ ಅಭಿಪ್ರಾಯ. ‘ನಮ್ಮ ಬಸದಿಯಲ್ಲಿ ಇದುವರೆಗೆ ಯಾರೂ ಬಿದ್ದಿಲ್ಲ’ ಎಂದು ಎದೆ ತಟ್ಟಿಕೊಳ್ಳುವ ಧರ್ಮದರ್ಶಿಗಳು ಈ ಮಾತನ್ನು ಸಾವಧಾನವಾಗಿ ಮನನ ಮಾಡಬೇಕು. ಬೀಳದಿರುವುದು ಆ ಕೂಲಿಯವನ ಕಾಲಿನ ಬಲ. ನಮ್ಮ ಲೆಕ್ಕದಲ್ಲಿ ಅದು ಜಮೆಯಾಗುವುದಿಲ್ಲ.

ಮುನಿಗಳಿಗೆ ಈರ್ಯಾಸಮಿತಿಯನ್ನು ವಿಧಿಸಿದ್ದಾರೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆ ಇಡಬೇಕು, ಕಣ್ಣಿಗೆ ಕಾಣದ ಜೀವವೂ ತುಳಿಯಲ್ಪಡಬಾರದು. ಗೃಹಸ್ಥರಾದ ನಮಗೆ ಅಷ್ಟು ಸಾಧ್ಯವಿಲ್ಲವೆಂದೇ ಅಣುವ್ರತದ ವ್ಯವಸ್ಥೆ. ಆರಂಭೀ ಹಿಂಸೆ, ಉದ್ಯೋಗೀ ಹಿಂಸೆಗಳಿಂದ ಗೃಹಸ್ಥನು ಪೂರ್ತಿಯಾಗಿ ಬಿಡಿಸಿಕೊಳ್ಳಲಾರ ಎಂಬುದನ್ನು ಶಾಸ್ತ್ರವೂ ಒಪ್ಪಿದೆ. ಆದರೆ ಆ ರಿಯಾಯಿತಿಯು ಅನಿವಾರ್ಯವಾದುದಕ್ಕೆ ಮಾತ್ರ. ಒಂದು ಪಟ್ಟಿ, ಒಂದು ಹಗ್ಗ, ನಾಲ್ಕು ಕೊಳವೆಗಳಿಂದ ತಪ್ಪಿಸಬಹುದಾದ ಮರಣವನ್ನು ಅನಿವಾರ್ಯವೆಂದು ಕರೆಯಲು ಯಾವ ಶ್ರಾವಕಾಚಾರ ಗ್ರಂಥವೂ ನಮಗೆ ಅಪ್ಪಣೆ ಕೊಟ್ಟಿಲ್ಲ. ಶಕ್ತಿಮೀರಿದ ಭಾರವನ್ನು ಹೊರಿಸುವುದನ್ನೇ ಅಹಿಂಸಾಣುವ್ರತದ ಅತಿಚಾರವೆಂದು ಎಣಿಸಿದವರು ಸಮಂತಭದ್ರಾಚಾರ್ಯರು. ಎತ್ತಿನ ಬೆನ್ನಿನ ಮೇಲಿನ ಒಂದು ಮೂಟೆ ಹೆಚ್ಚಾದುದು ಅವರಿಗೆ ಕಾಣಿಸಿತು. ಮಾಡಿನ ಅಂಚಿನಲ್ಲಿ ನಿಂತ ಮನುಷ್ಯ ನಮಗೆ ಕಾಣಿಸುವುದಿಲ್ಲವೇಕೆ?

ಇಲ್ಲಿ ಸಾಮಾನ್ಯವಾಗಿ ಬರುವ ಮೊದಲನೆಯ ಉತ್ತರ, ‘ನಾವು ಗುತ್ತಿಗೆ ಕೊಟ್ಟಿದ್ದೇವೆ, ಅದು ಗುತ್ತಿಗೆದಾರನ ಹೊಣೆ’ ಎಂಬುದು. ವ್ಯಾಪಾರಿಯಾದ ನನಗೆ ಗುತ್ತಿಗೆಯ ಕರಾರು ಏನೆಂಬುದು ತಿಳಿದಿದೆ. ಸರಕು, ಅವಧಿ, ದರ ಇವನ್ನು ಕರಾರಿನಲ್ಲಿ ವರ್ಗಾಯಿಸಬಹುದು. ಕರ್ಮವನ್ನು ವರ್ಗಾಯಿಸುವ ಛಾಪಾಕಾಗದ ಇನ್ನೂ ಅಚ್ಚಾಗಿಲ್ಲ. ಕೃತ, ಕಾರಿತ, ಅನುಮೋದನೆ ಎಂದು ಆಸ್ರವಕ್ಕೆ ಮೂರು ದಾರಿಗಳನ್ನು ಹೇಳಿದ ದರ್ಶನ ನಮ್ಮದು. ಸ್ವತಃ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡುತ್ತಿರುವುದನ್ನು ಕಂಡು ಒಪ್ಪುವುದು. ಮೇಸ್ತ್ರಿಯ ಮೂಲಕ ಮಾಡಿಸಿದರೆ ಅದು ಕಾರಿತ. ಅತ್ಯಂತ ಕಡಮೆ ದರ ಬರೆದವನಿಗೇ ಕೆಲಸ ಕೊಟ್ಟು, ಆ ದರದಲ್ಲಿ ಸಾರುವೆ ಕಟ್ಟುವ ಖರ್ಚು ಸೇರಿಲ್ಲವೆಂಬುದು ಗೊತ್ತಿದ್ದೂ ಸಹಿ ಹಾಕಿದರೆ ಅದು ಅನುಮೋದನೆ. ಬೇರೆ ಯಾವ ಮತದವನಾದರೂ ಗುತ್ತಿಗೆದಾರನ ಹಿಂದೆ ಅಡಗಿಕೊಳ್ಳಬಹುದೇನೋ, ಜೈನನಿಗೆ ಆ ಮರೆ ದೊರೆಯದು.

ಎರಡನೆಯ ಉತ್ತರ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಶಾಸ್ತ್ರದ ವೇಷ ಧರಿಸಿ ಬರುತ್ತದೆ. ನಾನು ಬಲ್ಲ ಒಂದು ಟ್ರಸ್ಟಿನ ಲೆಕ್ಕಪತ್ರಗಳನ್ನು ಕೆಲವು ವರ್ಷಗಳ ಹಿಂದೆ ನೋಡಿಕೊಡುವ ಪ್ರಸಂಗ ಬಂದಿತ್ತು. ‘ಇತರೆ ಖರ್ಚು’ ಎಂಬ ತಲೆಬರಹದ ಕೆಳಗೆ, ಹೂವಿನ ಅಲಂಕಾರ ಮತ್ತು ಅಂಚೆವೆಚ್ಚಗಳ ನಡುವೆ, ದೊಡ್ಡ ಮೊತ್ತವೊಂದು ಇತ್ತು. ವಿಚಾರಿಸಿದಾಗ, ಸಭಾಭವನದ ಸಿಮೆಂಟ್ ಶೀಟು ಮುರಿದು ಒಳಕ್ಕೆ ಬಿದ್ದವನೊಬ್ಬನ ಆಸ್ಪತ್ರೆಯ ವೆಚ್ಚ ಮತ್ತು ಅವನ ಹೆಂಡತಿಗೆ ‘ಮಾನವೀಯ ನೆಲೆಯಲ್ಲಿ’ ಕೊಟ್ಟ ಹಣ ಎಂದು ತಿಳಿಯಿತು. ಹನ್ನೊಂದು ದಿನ ನರಳಿ ಆತ ತೀರಿಕೊಂಡಿದ್ದ. ಹಿರಿಯ ಧರ್ಮದರ್ಶಿಯೊಬ್ಬರು, ಸಜ್ಜನರೇ, ನಿತ್ಯ ಸ್ವಾಧ್ಯಾಯ ಮಾಡುವವರೇ, ‘ಅವನ ಆಯುಷ್ಯಕರ್ಮ ಅಷ್ಟಕ್ಕೇ ಇತ್ತು, ನಾವು ನಿಮಿತ್ತ ಮಾತ್ರ’ ಎಂದು ನಿಟ್ಟುಸಿರು ಬಿಟ್ಟರು. ಆ ವರ್ಷವೇ ಅದೇ ಭವನದ ಶೀಟುಗಳ ಮೇಲೆ ಮತ್ತಿಬ್ಬರನ್ನು ಹಾಗೆಯೇ ಹತ್ತಿಸಲಾಯಿತು.

ಈ ‘ಆಯುಷ್ಯ ಮುಗಿದಿತ್ತು’ ಎಂಬ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸಬೇಕು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವನ್ನು ತೆರೆದು ನೋಡಿರಿ. ಆಯುಷ್ಯವನ್ನು ನಡುವೆ ಕಡಿದುಹಾಕಲಾಗದ ಜೀವಿಗಳು ಯಾರು ಯಾರು ಎಂಬ ಪಟ್ಟಿ ಅಲ್ಲಿದೆ. ದೇವ ನಾರಕರು, ಅದೇ ಭವದಲ್ಲಿ ಮುಕ್ತಿ ಹೊಂದುವ ಚರಮದೇಹಿಗಳಾದ ಮಹಾಪುರುಷರು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳ ಭೋಗಭೂಮಿಜರು. ಕೂಲಿಗಾಗಿ ಹಂಚು ಸರಿಪಡಿಸುವವನು ಈ ಪಟ್ಟಿಯಲ್ಲಿಲ್ಲ, ನಾನೂ ಇಲ್ಲ, ನೀವೂ ಇಲ್ಲ. ನಮ್ಮ ಆಯುಷ್ಯ ಅಪವರ್ತ್ಯ. ಹೊರಗಿನ ಕಾರಣದಿಂದ ಕಾಲಕ್ಕೆ ಮೊದಲೇ ಮುಗಿಯಬಲ್ಲದು. ಅದಕ್ಕೇ ಅಕಾಲಮರಣವೆಂದು ಹೆಸರು. ಕಾವಿನಲ್ಲಿಟ್ಟ ಮಾವಿನಕಾಯಿ ಮರದ ಮೇಲಿನದಕ್ಕಿಂತ ಮೊದಲೇ ಹಣ್ಣಾಗುವ ದೃಷ್ಟಾಂತವನ್ನು ವ್ಯಾಖ್ಯಾನಕಾರರು ಇದಕ್ಕೆ ಕೊಡುತ್ತಾರೆ. ಇನ್ನು ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ಆಯುಷ್ಯವು ಕ್ಷೀಣಿಸುವ ಕಾರಣಗಳನ್ನೇ ಎಣಿಸಿದ್ದಾರೆ. ವಿಷ, ವೇದನೆ, ರಕ್ತಕ್ಷಯ, ಭಯ, ಶಸ್ತ್ರ, ಆಹಾರ ಮತ್ತು ಉಸಿರಿನ ತಡೆ, ಹಿಮ, ಬೆಂಕಿ, ನೀರು ಇವುಗಳ ಜೊತೆಗೆ ಎತ್ತರದ ಬೆಟ್ಟವನ್ನೋ ಮರವನ್ನೋ ಹತ್ತಿ ಬೀಳುವುದೂ ಆ ಎಣಿಕೆಯಲ್ಲಿದೆ! ಎತ್ತರದಿಂದ ಬೀಳುವುದು ಆಯುಷ್ಯವನ್ನು ನಡುವೆಯೇ ಕಡಿಯುತ್ತದೆಂದು ಆಚಾರ್ಯರೇ ಬರೆದಿಟ್ಟಿರುವಾಗ, ಬಿದ್ದು ಸತ್ತವನ ಆಯುಷ್ಯ ಮೊದಲೇ ಮುಗಿದಿತ್ತೆಂದು ಹೇಳಲು ನಾವು ಯಾರು?

ಸಮಯಸಾರವನ್ನು ಓದಿದವರು ಇಲ್ಲಿ ನಿಶ್ಚಯನಯವನ್ನು ಮುಂದಿಡಬಹುದು. ಒಂದು ಜೀವವು ಇನ್ನೊಂದನ್ನು ಕೊಲ್ಲಲಾರದು, ಕೊಂದೆನೆಂಬುದೇ ಅಜ್ಞಾನ ಎಂಬ ಬಂಧಾಧಿಕಾರದ ಮಾತು ನಿಜ. ಆದರೆ ಅದೇ ಅಧಿಕಾರದಲ್ಲಿ, ಜೀವವು ಸತ್ತರೂ ಸಾಯದಿದ್ದರೂ ಬಂಧವು ಅಧ್ಯವಸಾನದಿಂದಲೇ ಆಗುತ್ತದೆ ಎಂಬ ಮಾತೂ ಇದೆ. ಅದನ್ನು ಬಿಟ್ಟು ಇದನ್ನು ಮಾತ್ರ ಎತ್ತಿಕೊಳ್ಳುವುದು ಸ್ವಾಧ್ಯಾಯವಲ್ಲ, ವಕೀಲಿ. ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಗುದಾಮಿಗೆ ಅಗ್ನಿವಿಮೆ ಮಾಡಿಸುವಾಗ ನಮಗೆ ನಿಶ್ಚಯನಯ ನೆನಪಾಗುವುದಿಲ್ಲ. ಬಸದಿಯ ಪಂಚಲೋಹದ ಬಿಂಬಗಳಿಗೆ ಕಬ್ಬಿಣದ ಬಾಗಿಲು, ಎರಡು ಬೀಗ, ರಾತ್ರಿ ಕಾವಲು ಏರ್ಪಡಿಸುವಾಗಲೂ ನೆನಪಾಗುವುದಿಲ್ಲ. ಮೊಮ್ಮಗ ತಾರಸಿಯ ಅಂಚಿಗೆ ಹೋದರೆ ‘ಅವನ ಆಯುಷ್ಯ ಇದ್ದಷ್ಟು’ ಎಂದು ಯಾವ ಅಜ್ಜನೂ ಕುಳಿತಿರುವುದಿಲ್ಲ. ಕೂಲಿಯವನ ವಿಷಯ ಬಂದಾಗ ಮಾತ್ರ ನಾವೆಲ್ಲ ಏಕಾಏಕಿ ಶುದ್ಧ ನಿಶ್ಚಯವಾದಿಗಳಾಗಿಬಿಡುತ್ತೇವೆ.

‘ಅವರಿಗೆ ಅಭ್ಯಾಸವಿದೆ’ ಎಂಬುದು ಮೂರನೆಯ ಉತ್ತರ. ಅಭ್ಯಾಸವಿರುವುದು ನಿಜವೇ. ಆದರೆ ಮುರಿಯುವುದು ಅಭ್ಯಾಸವಲ್ಲ, ಶೀಟು. ಹಳೆಯ ಕಲ್ನಾರು ಸಿಮೆಂಟಿನ ಶೀಟು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಕಾಲಿಟ್ಟ ಕ್ಷಣದಲ್ಲಿ ಒಡೆದುಬಿಡುತ್ತದೆ. ಕರಾವಳಿಯ ಮಳೆಯಲ್ಲಿ ಹಾವಸೆ ಬೆಳೆದ ಕಲ್ಲು ಅನುಭವಿಯ ಪಾದಕ್ಕೂ ಹೊಸಬನ ಪಾದಕ್ಕೂ ಒಂದೇ ಸಮನಾಗಿ ಜಾರುತ್ತದೆ. ಹೆಜ್ಜೇನು ಎದ್ದರೆ ಮೂವತ್ತು ವರ್ಷದ ಅನುಭವವೂ ಅಂಚಿನ ಕಡೆಗೇ ಓಡುತ್ತದೆ. ಐದು ಮೀಟರ್ ಎತ್ತರದಿಂದ ನೆಲ ಮುಟ್ಟಲು ಬೇಕಾದುದು ಒಂದೇ ಸೆಕೆಂಡು. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ಆ ಒಂದು ಸೆಕೆಂಡಿನಲ್ಲಿ ಅಭ್ಯಾಸದಿಂದ ಮಾಡಬಹುದಾದುದು ಏನೂ ಇಲ್ಲ.

ಹೆಜ್ಜೇನಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಶಿಖರದಲ್ಲಿ ಕಟ್ಟಿದ್ದ ಜೇನುಹುಟ್ಟನ್ನು ಜೀವಹಾನಿಯಾಗದಂತೆ ಹೇಗೆ ತೆಗೆಸಬೇಕು ಎಂಬುದರ ಮೇಲೆ ಒಂದು ಬಸದಿಯ ಮಂಡಳಿ ಎರಡು ಸಭೆ ನಡೆಸಿದ್ದನ್ನು ನಾನು ಬಲ್ಲೆ. ಹೊಗೆ ಹಾಕಬಾರದು, ಬೆಂಕಿ ತೋರಿಸಬಾರದು, ಅವು ತಾವಾಗಿ ಹೋಗುವವರೆಗೆ ಬಣ್ಣದ ಕೆಲಸ ಮುಂದೂಡಬೇಕು ಎಂದು ತೀರ್ಮಾನವಾಯಿತು. ನನಗೆ ಆ ತೀರ್ಮಾನದ ಬಗ್ಗೆ ಹೆಮ್ಮೆಯಿದೆ, ವ್ಯಂಗ್ಯವಿಲ್ಲ. ಆದರೆ ನಡಾವಳಿ ಪುಸ್ತಕದ ಅದೇ ಪುಟಗಳಲ್ಲಿ ಬಣ್ಣ ಬಳಿಯಲು ಶಿಖರ ಹತ್ತುವವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಚತುರಿಂದ್ರಿಯ ಜೀವಿಗೆ ಎರಡು ಸಭೆ, ಸಂಜ್ಞೀ ಪಂಚೇಂದ್ರಿಯನಾದ ಮನುಷ್ಯನಿಗೆ ಒಂದು ಸಾಲೂ ಇಲ್ಲ!

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಕಟ್ಟಡ ಕಾರ್ಮಿಕರಿಗಾಗಿಯೇ 1996ರಲ್ಲಿ ಕೇಂದ್ರದ ಕಾಯ್ದೆ ಬಂತು, ಅದರಡಿ ನಮ್ಮ ರಾಜ್ಯದ ನಿಯಮಗಳು 2006ರಲ್ಲಿ ಬಂದವು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ದುಡಿಯುವ ಕೆಲಸಕ್ಕೆ ಅದು ಅನ್ವಯಿಸುತ್ತಿತ್ತು. ಅದರ ಸ್ಥಾನಕ್ಕೆ ಬಂದ 2020ರ ವೃತ್ತಿ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೊಂಡಿತು. ಕಟ್ಟಡದ ಕೆಲಸಕ್ಕೆ ಅಲ್ಲಿಯೂ ಹತ್ತರ ಗಡಿಯೇ ಇದೆ. ನಮ್ಮ ಬಸದಿಯ ಮಾಡು ಹತ್ತುವವರು ಮೂವರು. ಹೀಗಾಗಿ ಇನ್‌ಸ್ಪೆಕ್ಟರು ಬರುವುದಿಲ್ಲ, ನೋಟೀಸು ಬರುವುದಿಲ್ಲ, ನಾವು ನಿಶ್ಚಿಂತರು. ಆದರೆ ಅಹಿಂಸಾಣುವ್ರತಕ್ಕೆ ಹತ್ತು ಮಂದಿಯ ಗಡಿ ಎಲ್ಲಿದೆ? ಸರಕಾರದ ಕಣ್ಣು ತಲುಪದ ಕಡೆ ತಾನೇ ವ್ರತವೆಂಬುದು ಬೇಕಾಗಿರುವುದು?

ಇನ್ನು ರಕ್ಷಣೆ ಎಂದರೆ ಏನು ಎಂಬ ವಿಷಯ. ಸೇಫ್ಟಿ ಬೆಲ್ಟ್ ತಂದುಕೊಟ್ಟರೆ ಮುಗಿಯಿತೆಂದು ಭಾವಿಸುವವರೂ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ನಮ್ಮಲ್ಲಿ ಗುಪ್ತಿ ಮತ್ತು ಸಮಿತಿ ಎಂಬ ಎರಡು ವಿಧಗಳಿವೆಯಷ್ಟೆ. ಪ್ರವೃತ್ತಿಯಿಂದಲೇ ಹಿಂದೆ ಸರಿಯುವುದು ಗುಪ್ತಿ. ಪ್ರವೃತ್ತಿ ತಪ್ಪದಾದಾಗ ಎಚ್ಚರದಿಂದ ನಡೆಯುವುದು ಸಮಿತಿ. ಮಾಡಿನ ಕೆಲಸಕ್ಕೂ ಇದೇ ಕ್ರಮ. ಮೊದಲು ಕೇಳಬೇಕಾದುದು, ಯಾರಾದರೂ ಮೇಲೆ ಹತ್ತಲೇಬೇಕೇ ಎಂಬುದು. ದೋಣಿಯ ಕಸವನ್ನು ಉದ್ದನೆಯ ಗಳದಿಂದ ಕೆಳಗೇ ನಿಂತು ತೆಗೆಯಲಾಗದೇ? ಕಳಸಕ್ಕೆ ಮೆರುಗು ಕೊಡುವುದಿದ್ದರೆ ಒಮ್ಮೆ ಇಳಿಸಿ ನೆಲದ ಮೇಲೆಯೇ ಕೊಡಬಾರದೇ? ಹತ್ತಲೇಬೇಕಾದರೆ ಎರಡನೆಯ ಮಾತು ಸಾರುವೆ. ನೇರ ನಿಂತ, ಹಲಗೆ ತುಂಬಿದ, ಸೊಂಟದೆತ್ತರಕ್ಕೆ ಕೈಪಿಡಿಯ ಕೊಳವೆ ಮತ್ತು ಕಾಲಿನ ಬಳಿ ಅಡ್ಡಹಲಗೆ ಇರುವ ಸಾರುವೆ. ಕೈಪಿಡಿಯ ಗುಣವೆಂದರೆ, ಅದು ಕೆಲಸಗಾರನ ನೆನಪನ್ನೋ ಶಿಸ್ತನ್ನೋ ಕಾಯುತ್ತ ನಿಲ್ಲುವುದಿಲ್ಲ. ಅವನು ಮರೆತರೂ ಅದು ಇರುತ್ತದೆ. ಸಿಮೆಂಟ್ ಶೀಟಿನ ಮೇಲಾದರೆ ಕೆಳಗಿನ ತೊಲೆಗಳ ಮೇಲೆ ಭಾರ ಹಂಚುವಂತೆ ಅಗಲವಾದ ಹಲಗೆಗಳನ್ನು ಹಾಸಿ, ಅವುಗಳ ಮೇಲೆಯೇ ನಡೆಯಬೇಕು. ಇವೆಲ್ಲ ಸಾಲದಾದಾಗ ಬರುವುದು ರಕ್ಷಣಾಪಟ್ಟಿ.

ಪಟ್ಟಿಯಲ್ಲಿಯೂ ಭೇದವಿದೆ. ಸೊಂಟಕ್ಕೆ ಮಾತ್ರ ಬಿಗಿಯುವ ಬೆಲ್ಟು ನಮ್ಮ ಪೇಟೆಗಳಲ್ಲಿ ಇನ್ನೂ ಕಾಣಸಿಗುತ್ತದೆ. ಬೀಳುವವನನ್ನು ಅದು ಹಿಡಿದು ನಿಲ್ಲಿಸಬಹುದು, ಆದರೆ ಇಡೀ ಪೆಟ್ಟು ಹೊಟ್ಟೆ ಮತ್ತು ಬೆನ್ನೆಲುಬಿನ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ ಕಟ್ಟಡ ಕೆಲಸದಲ್ಲಿ ಬೀಳುವಿಕೆಯನ್ನು ತಡೆಯಲು ಸೊಂಟದ ಬೆಲ್ಟನ್ನು ಬಳಸಕೂಡದೆಂದು 1998ರ ಜನವರಿಯಿಂದಲೇ ನಿಷೇಧಿಸಿದರು. ಬೇಕಾದುದು ಹೆಗಲು, ಎದೆ, ತೊಡೆಗಳನ್ನು ಸುತ್ತುವ ಪೂರ್ಣದೇಹದ ಹಾರ್ನೆಸ್. ಬೆನ್ನಿನ ಮೇಲ್ಭಾಗದಲ್ಲಿರುವ ಉಂಗುರಕ್ಕೆ ಹಗ್ಗದ ಕೊಂಡಿ ಸೇರುತ್ತದೆ. ನಮ್ಮ ದೇಶದ ಮಾನಕ ಐ.ಎಸ್. 3521, ಕೊಳ್ಳುವಾಗ ಆ ಗುರುತು ಇದೆಯೇ ಎಂದು ನೋಡಬೇಕು.

ಆದರೆ ಹಾರ್ನೆಸ್ ತೊಟ್ಟ ಮಾತ್ರಕ್ಕೆ ಅದು ಕಾಪಾಡುವುದಿಲ್ಲ. ಕೊಂಡಿಯನ್ನು ಎಲ್ಲಿಗೆ ಹಾಕಿದ್ದಾರೆ ಎಂಬುದರಲ್ಲಿ ಎಲ್ಲವೂ ಇದೆ. ಬೀಳುವ ದೇಹ ಹಗ್ಗವನ್ನು ಸೆಳೆಯುವ ಬಲ ಅದರ ತೂಕದ ಹಲವು ಪಟ್ಟು. ಆದುದರಿಂದ ಒಬ್ಬ ಮನುಷ್ಯನಿಗೆ ಆಧಾರವಾಗುವ ಬಿಂದು ಎರಡು ಟನ್ನಿಗೂ ಮಿಗಿಲಾದ ಸೆಳೆತವನ್ನು ತಾಳಬೇಕೆಂಬುದು ಅಮೆರಿಕದ ನಿಯಮ. ನೀರಿನ ಪೈಪು, ಧ್ವನಿವರ್ಧಕದ ಕಂಬ, ಕಳಸದ ಬುಡ ಇವು ಆಧಾರವಲ್ಲ. ಇನ್ನೊಂದು ಸೂಕ್ಷ್ಮವನ್ನು ನಮ್ಮವರು ಪೂರ್ತಿ ಮರೆಯುತ್ತಾರೆ. ಸಾಮಾನ್ಯವಾಗಿ ದೊರೆಯುವ ಹಗ್ಗ 1.8 ಮೀಟರ್ ಉದ್ದ. ಪೆಟ್ಟನ್ನು ಹೀರುವ ಅದರ ಮಡಿಕೆಗಳು ಬಿಚ್ಚಿಕೊಂಡಾಗ ಇನ್ನೊಂದು ಮೀಟರಿನಷ್ಟು ಸೇರುತ್ತದೆ. ಉಂಗುರದಿಂದ ಪಾದದವರೆಗಿನ ದೇಹದ ಉದ್ದ, ಒಂದಿಷ್ಟು ಉಳಿಕೆಯ ಅಂತರ ಇವನ್ನೆಲ್ಲ ಕೂಡಿಸಿದರೆ ಸುಮಾರು 18 ಅಡಿ. ಹನ್ನೆರಡು ಅಡಿಯ ಮಂಟಪದ ಮೇಲೆ ಈ ಉದ್ದದ ಹಗ್ಗ ಕಟ್ಟಿಕೊಂಡವನು ಹಗ್ಗ ಅವನನ್ನು ಪೂರ್ತಿ ತಡೆದು ನಿಲ್ಲಿಸುವ ಮೊದಲೇ ನೆಲ ಸೇರಿರುತ್ತಾನೆ. ಅಂಥ ತಗ್ಗು ಮಾಡಿಗೆ ಬೇಕಾದುದು ಅಂಚಿನವರೆಗೆ ತಲುಪಲೇ ಬಿಡದ ಗಿಡ್ಡ ಹಗ್ಗ. ಮೇಯುವ ಹಸುವಿಗೆ ಪಕ್ಕದ ಗದ್ದೆ ಎಟುಕದಂತೆ ಹಗ್ಗದ ಅಳತೆ ಹಿಡಿಯುವುದು ನಮ್ಮ ರೈತರಿಗೆ ಗೊತ್ತಿಲ್ಲವೇ? ಲೆಕ್ಕ ಅದೇ. ಬಿದ್ದು ಹಗ್ಗದಲ್ಲಿ ನೇತಾಡುವವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕು, ತೊಡೆಯ ಪಟ್ಟಿಗಳ ಬಿಗಿತದಿಂದ ರಕ್ತ ಕಾಲುಗಳಲ್ಲಿಯೇ ನಿಂತು ಪ್ರಜ್ಞೆ ತಪ್ಪುತ್ತದೆ. ಒಮ್ಮೆ ಬೀಳುವಿಕೆಯನ್ನು ತಡೆದ ಪಟ್ಟಿಯನ್ನು ಮತ್ತೆ ಬಳಸಕೂಡದು. ಬಿಸಿಲಿನಲ್ಲಿ ಬಿಟ್ಟ ನೈಲಾನ್ ಹೊರಗೆ ಚೆನ್ನಾಗಿಯೇ ಕಾಣುತ್ತ ಒಳಗೆ ಸತ್ತ್ವ ಕಳೆದುಕೊಂಡಿರುತ್ತದೆ.

ಪ್ರಾಚೀನ ಬಸದಿಗಳ ವಿಷಯದಲ್ಲಿ ಒಂದು ನಿಜವಾದ ತೊಡಕು ಇದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಷ್ಟು ಹಿಂದಿನದು. ಅಂಥ ಕಟ್ಟಡಗಳ ಇಳಿಜಾರು ಚಪ್ಪಡಿಗಳಲ್ಲಿ ಕೊಂಡಿಗಾಗಿ ರಂಧ್ರ ಕೊರೆಯುವುದು ಅಪಚಾರ. ಸಂರಕ್ಷಿತ ಸ್ಮಾರಕವಾದರೆ 1958ರ ಕಾಯ್ದೆಯಡಿ ಅಪರಾಧವೂ ಆದೀತು. ಆದರೆ ಕೊರೆಯಲಾಗದು ಎಂಬುದು ಕಟ್ಟಲಾಗದು ಎಂಬುದಕ್ಕೆ ಸಮನಲ್ಲ. ಗೋಡೆಗೆ ತಾಗದೆ ನೆಲದಿಂದಲೇ ತಾನಾಗಿ ನಿಲ್ಲುವ ಉಕ್ಕಿನ ಸಾರುವೆಯನ್ನು ಸುತ್ತ ನಿಲ್ಲಿಸಬಹುದು. ಅನುಭವಸ್ಥ ಇಂಜಿನಿಯರರ ಸಲಹೆಯಂತೆ, ಮಾಡಿನ ಏಣನ್ನು ದಾಟಿಸಿ ಆಚೆ ಬದಿಯ ನೆಲದ ಗಟ್ಟಿ ಆಧಾರಕ್ಕೆ ಹಗ್ಗ ಬಿಗಿಯಬಹುದು, ಕಲ್ಲು ಸವೆಯದಂತೆಯೂ ಹಗ್ಗ ಕೊಯ್ಯದಂತೆಯೂ ಗೋಣಿಯ ದಪ್ಪ ಮೆತ್ತೆ ಹಾಸಿ. ಆರು ನೂರು ವರ್ಷದ ಕಲ್ಲನ್ನು ಕಾಯುವ ಜಾಣತನ ನಮಗಿರುವಾಗ ಮೂವತ್ತು ವರ್ಷದ ದೇಹವನ್ನು ಕಾಯುವ ಜಾಣತನ ಬರಲಾರದೇ?

ಶುದ್ಧಾಶುದ್ಧದ ಆಕ್ಷೇಪವೂ ಕೇಳಿಬಂದಿದೆ. ಗರ್ಭಗೃಹದ ಮೇಲೆ ಪಾದರಕ್ಷೆ ತೊಟ್ಟು ನಿಲ್ಲುವುದೆಂತು, ಚರ್ಮದ ಪಟ್ಟಿ ಬಸದಿಯೊಳಗೆ ಬರುವುದೆಂತು ಎಂದು. ಹಾರ್ನೆಸ್ ಚರ್ಮದ್ದಲ್ಲ, ಪಾಲಿಯೆಸ್ಟರ್ ಅಥವಾ ನೈಲಾನ್ ನೇಯ್ಗೆಯದು. ಬಸದಿಯ ಮಾಡಿಗಾಗಿಯೇ ಮೀಸಲಾದ, ಬೇರೆಡೆ ತುಳಿಯದ, ಬಟ್ಟೆಯ ಮೈಯೂ ಹಿಡಿತವಿರುವ ರಬ್ಬರಿನ ಅಡಿಯೂ ಉಳ್ಳ ನಾಲ್ಕು ಜೊತೆ ಪಾದರಕ್ಷೆಗಳನ್ನು ಟ್ರಸ್ಟೇ ಇರಿಸಿಕೊಳ್ಳಬಹುದು. ಇದಕ್ಕೂ ಒಪ್ಪದವರಿಗೆ ಒಂದೇ ಪ್ರಶ್ನೆ. ಬಸದಿಯ ಅಂಗಳದಲ್ಲಿ ಮನುಷ್ಯನ ರಕ್ತ ಬಿದ್ದ ಮೇಲೆ ಯಾವ ಶುದ್ಧಿಹೋಮ ಮಾಡಿಸುವಿರಿ?

ಈಗ ಜಮಾಖರ್ಚಿನ ಮಾತು. ಒಳ್ಳೆಯ ಹಾರ್ನೆಸ್ಸೊಂದು ಹಗ್ಗ ಸಹಿತ ಕೆಲವೇ ಸಾವಿರ ರೂಪಾಯಿಗೆ ದೊರೆಯುತ್ತದೆ. ಉಕ್ಕಿನ ಸಾರುವೆಯನ್ನು ಬಾಡಿಗೆಗೆ ಕೊಡುವವರು ಎಲ್ಲ ಪಟ್ಟಣಗಳಲ್ಲಿಯೂ ಇದ್ದಾರೆ. ಬಾಡಿಗೆ ಹೆಚ್ಚೆನಿಸಿದರೆ ಸುತ್ತಲಿನ ನಾಲ್ಕಾರು ಬಸದಿಗಳ ಟ್ರಸ್ಟುಗಳು ಸೇರಿ ಒಂದು ಸಾರುವೆಯನ್ನು ಕೊಂಡು ಸರದಿಯಂತೆ ಬಳಸಬಹುದು. ಮತ್ತೊಂದು ಬದಿಯ ಲೆಕ್ಕವನ್ನೂ ನೋಡೋಣ. ಕೆಲಸದಲ್ಲಿ ಮಡಿದವನಿಗೆ 1923ರ ಪರಿಹಾರ ಕಾಯ್ದೆ ಹಾಕಿಕೊಟ್ಟ ಸೂತ್ರ, ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕೆಂಬುದು. ಮೂವತ್ತು ವರ್ಷದವನಿಗೆ ಗುಣಕ 207.98. ವೇತನ 15,000 ರೂಪಾಯಿ ಎಂದಿಟ್ಟುಕೊಂಡರೆ 15,59,850 ರೂಪಾಯಿ. ಇದು ಕಾನೂನು ಕಟ್ಟಿದ ಬೆಲೆ. ವಿಧವೆಯಾದವಳು ಕಟ್ಟುವ ಬೆಲೆ ಬೇರೆ. ಮೇಲೆ ಹೇಳಿದ ಟ್ರಸ್ಟು ‘ಇತರೆ ಖರ್ಚು’ ಎಂದು ಬರೆದ ಮೊತ್ತ ದೊಡ್ಡದೇ ಆಗಿದ್ದರೂ ಇದರ ಹತ್ತರಲ್ಲೊಂದು ಪಾಲಿಗೂ ಬಂದಿರಲಿಲ್ಲ. ಪಂಚಕಲ್ಯಾಣಕ್ಕೆ ಊರತುಂಬ ಕಟ್ಟಿದ ಬ್ಯಾನರುಗಳ ಖರ್ಚನ್ನು ಅದೇ ಪುಸ್ತಕದಲ್ಲಿ ನೋಡಿದೆ. ಅಂಕಿಯನ್ನು ಇಲ್ಲಿ ಬರೆಯಲು ಮನಸ್ಸು ಬಾರದು.

ಮಹಾಮಸ್ತಕಾಭಿಷೇಕಗಳನ್ನು ನೆನಪಿಸಿಕೊಳ್ಳಿರಿ. ಕಾರ್ಕಳದಲ್ಲಿ 2015ರಲ್ಲಿ, ಶ್ರವಣಬೆಳಗೊಳದಲ್ಲಿ 2018ರಲ್ಲಿ, ಧರ್ಮಸ್ಥಳದಲ್ಲಿ 2019ರಲ್ಲಿ, ವೇಣೂರಿನಲ್ಲಿ 2024ರಲ್ಲಿ ಬಾಹುಬಲಿ ಸ್ವಾಮಿಯ ಶಿರದೆತ್ತರಕ್ಕೆ ಅಟ್ಟಣಿಗೆಗಳು ಎದ್ದವು. ಬೆಳಗೊಳದ ಮೂರ್ತಿಯ ಎತ್ತರ 58 ಅಡಿ, ಕಾರ್ಕಳದ್ದು 42, ವೇಣೂರಿನದು 35. ಕಲಶ ಹಿಡಿದು ಆ ಎತ್ತರಕ್ಕೆ ಏರುವವರಿಗೆ ಮೆಟ್ಟಿಲು, ಕೈಪಿಡಿ, ಎಷ್ಟು ಮಂದಿ ಒಮ್ಮೆಗೆ ನಿಲ್ಲಬಹುದೆಂಬ ಮಿತಿ ಇವೆಲ್ಲ ಇರಬೇಕೆಂದು ನಾವು ಬಯಸುತ್ತೇವೆ, ಅದು ಯೋಗ್ಯವೇ. ಎತ್ತರವೆಂಬುದು ಅಪಾಯವೆಂದು ನಮಗೆ ತಿಳಿಯದೆ ಏನೂ ಇಲ್ಲ ಎಂಬುದಕ್ಕೆ ಇದೇ ಸಾಕ್ಷಿ. ನಾವು ಹತ್ತುವಾಗ ತಿಳಿಯುತ್ತದೆ. ಊರೂರಿನ ಸಣ್ಣ ಬಸದಿಗಳಲ್ಲಿ, ವಾರ್ಷಿಕೋತ್ಸವಕ್ಕೆ ಮೊದಲು ಚಪ್ಪರದ ತುದಿಯಲ್ಲಿ ಗಂಟು ಬಿಗಿಯುವವನು ಹತ್ತುವಾಗ ಮರೆಯುತ್ತದೆ.

ಟ್ರಸ್ಟುಗಳನ್ನಷ್ಟೇ ಬೈದು ಮುಗಿಸಿದರೆ ಮನೆಮನೆಗಳ ನಾವು ತಪ್ಪಿಸಿಕೊಂಡಂತಾಗುತ್ತದೆ. ದೀಪಾವಳಿಯಂದು ಮಹಾವೀರ ಸ್ವಾಮಿಯ ನಿರ್ವಾಣೋತ್ಸವಕ್ಕೆ ವಿದ್ಯುದ್ದೀಪದ ಸರ ಕಟ್ಟಲು ಬಸದಿಯ ಮೇಲೆ ಹತ್ತುವವರು ನಮ್ಮದೇ ಹುಡುಗರು, ಒಂದು ಕೈಯಲ್ಲಿ ತಂತಿ, ಇನ್ನೊಂದರಲ್ಲಿ ಮೊಬೈಲು. ಮೂರನೆಯ ಮಹಡಿಯ ಸಜ್ಜಾದ ಮೇಲೆ ನಿಂತು ಕಿಟಕಿಯ ಗಾಜು ಒರೆಸುವಾಕೆ ನಮ್ಮ ಮನೆಯ ಕೆಲಸದವಳು. ಸೋಲಾರ್ ಫಲಕದ ಧೂಳು ತೊಳೆಯಲು, ನೀರಿನ ಟ್ಯಾಂಕಿಗೆ ಇಳಿಯಲು ಅಂಗಡಿಯ ಹುಡುಗನನ್ನು ಕಳುಹಿಸುವವರು ನಾವೇ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ನಂತರ ಉಣ್ಣದ ಅಮ್ಮಂದಿರು ಈ ವಿಷಯದಲ್ಲಿ ಗಟ್ಟಿಯಾಗಿ ಬೇಡವೆಂದರೆ ಸಾಕು, ಯಾವ ಆಡಳಿತ ಮಂಡಳಿಗಿಂತಲೂ ಬೇಗ ಕೆಲಸವಾಗುತ್ತದೆ ಎಂಬುದು ನನ್ನ ನಂಬಿಕೆ.

ಅಕ್ಷಯ ತದಿಗೆಯ ಆಸುಪಾಸಿನಲ್ಲಿ ಬಹುತೇಕ ಟ್ರಸ್ಟುಗಳ ಸಭೆ ಸೇರುತ್ತದೆ. ಮಾಡಿನ ರಿಪೇರಿಯ ವಿಷಯ ಬಂದಾಗ ಠರಾವಿನಲ್ಲಿ ಇನ್ನೆರಡು ಮಾತು ಸೇರಿಸುವಂತೆ ಓದುಗರಾದ ಧರ್ಮದರ್ಶಿಗಳನ್ನು ಕೇಳಿಕೊಳ್ಳುತ್ತೇನೆ. ದರಪಟ್ಟಿಯಲ್ಲಿ ಸಾರುವೆ ಮತ್ತು ಹಾರ್ನೆಸ್ಸಿನ ಖರ್ಚನ್ನು ಪ್ರತ್ಯೇಕ ಸಾಲಾಗಿ ತೋರಿಸದ ಗುತ್ತಿಗೆದಾರನ ಅರ್ಜಿಯನ್ನು ತೆರೆಯಕೂಡದು ಎಂಬುದು ಒಂದು. ಕೆಲಸ ನಡೆಯುವಷ್ಟು ದಿನವೂ ಒಬ್ಬ ಧರ್ಮದರ್ಶಿ ಬೆಳಿಗ್ಗೆ ಏಣಿ, ಹಗ್ಗ, ಕೊಂಡಿಗಳನ್ನು ತಾನೇ ಮುಟ್ಟಿ ನೋಡಿ, ಮೇಲೆ ಹತ್ತುವವರ ಹೆಸರುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿದ ಮೇಲೆಯೇ ಯಾರಾದರೂ ಹತ್ತಬೇಕು ಎಂಬುದು ಇನ್ನೊಂದು. ಮಳೆ ಹನಿಯುವ ದಿನ ಆ ಪುಟ ಖಾಲಿಯಿರಲಿ.